ಅಳೆದು ತೂಗಿ: ಜೋನಿ ಬೆಲ್ಲಕ್ಕೊಂದು ತೇಲುಗೋಲು

ಅಟ್ಟದ ಮೇಲಿಂದ ಟಪ್ ಎಂದು ಸದ್ದಾದಾಗ ಇಲಿಯಿರಬೇಕು ಅಂದುಕೊಂಡು ಮಗ್ಗುಲು ಬದಲಿಸಿ ಮಲಗಿದೆ. ಆಷಾಢದ ಮಳೆ, ಕರೆಂಟು ಹೋಗಿ ಎರಡು ದಿನವಾಗಿತ್ತು. ಬೆಳಿಗ್ಗೆ ಏಣಿ ಹತ್ತಿ ನೋಡಿದರೆ ಜೋನಿ ಬೆಲ್ಲದ, ಅಂದರೆ ನೀರುಬೆಲ್ಲದ, ಡಬ್ಬಿಯೊಂದರ ಮುಚ್ಚಳ ಮೂಲೆಗೆ ಹಾರಿ ಬಿದ್ದಿದೆ. ನೊರೆ ಉಕ್ಕಿ ಹಲಗೆಯ ಮೇಲೆ ಇಳಿದು ಇರುವೆಗಳಿಗೆ ಹಬ್ಬ. ಮೂಗಿನ ಹತ್ತಿರ ಒಯ್ದರೆ ಹುಳಿ ವಾಸನೆ, ಸ್ವಲ್ಪ ಹೆಂಡದ ಹಾಗೆ. ಹನ್ನೊಂದು ಡಬ್ಬಿಗಳಲ್ಲಿ ಎರಡು ಪೂರ್ತಿ ಹೋಗಿದ್ದವು, ಮೂರನೆಯದರಲ್ಲಿ ಆಗಷ್ಟೇ ಗುಳ್ಳೆ ಏಳುತ್ತಿತ್ತು. ಮೂರೂ ಒಂದೇ ದಿನದ ಪಾಕ. ಆ ದಿನ ದೊಡ್ಡಪ್ಪನಿಗೆ ಜ್ವರ. ಕೊಪ್ಪರಿಗೆ ಇಳಿಸಿ ಎಂದು ಹೇಳಿದವನು ನಾನು.

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಕೇರಿ. ಅಡಿಕೆ ತೋಟ, ಅದರ ಕೆಳಗೆ ಒಂದಿಷ್ಟು ಕಬ್ಬು. ಕೋಣ ಕಟ್ಟಿ ಗಾಣ ತಿರುಗಿಸುತ್ತಿದ್ದ ಕಾಲ ಹೋಗಿ ಈಗ ಎಂಜಿನ್ ಬಂದಿದೆ. ಆದರೆ ಪಾಕ ನೋಡುವ ಕೆಲಸ ಈಗಲೂ ದೊಡ್ಡಪ್ಪನ ಎರಡು ಬೆರಳಿಗೇ ಸೇರಿದ್ದು. ಸೌಟಿನಿಂದ ಒಂದು ಹನಿ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಎಳೆದು, ಎಳೆ ಎಲ್ಲಿ ತುಂಡಾಯಿತು ಎಂದು ನೋಡಿ ‘ಹ್ಞೂಂ’ ಅನ್ನುತ್ತಾರೆ. ನಾನೂ ಎಳೆದು ನೋಡಿದ್ದೆ. ನನಗೆ ಎಲ್ಲ ಎಳೆಯೂ ಒಂದೇ ಥರ ಕಂಡಿತ್ತು.

ಜೋನಿ ಬೆಲ್ಲ ತೆಳ್ಳಗಾದರೆ ಅದರಲ್ಲಿ ನೀರು ಜಾಸ್ತಿ ಉಳಿದಿದೆ ಎಂದರ್ಥ, ನೀರು ಜಾಸ್ತಿಯಾದರೆ ಯೀಸ್ಟಿಗೆ ಅನುಕೂಲ. ಅಷ್ಟು ಗೊತ್ತಿತ್ತು. ಬೇಕಾಗಿದ್ದದ್ದು ಬೆರಳಿನ ಬದಲು ಒಂದು ಸಂಖ್ಯೆ.

ಹಿಂದೊಮ್ಮೆ ಪೇಟೆಯಿಂದ ಗಾಜಿನ ಹೈಡ್ರೋಮೀಟರ್, ಅಂದರೆ ದ್ರವ ಎಷ್ಟು ದಟ್ಟ ಎಂದು ತೇಲಿ ತೋರಿಸುವ ಗೀರುಕೋಲು, ತಂದಿದ್ದೆ, ಬಾಮೆ ಮಾಪನದ್ದು. ಆಂತ್ವಾನ್ ಬಾಮೆ ಎಂಬ ಫ್ರೆಂಚ್ ಔಷಧಿಕಾರ 1768ರಲ್ಲಿ ಮಾಡಿದ ಅಳತೆ ಅದು, ಸಕ್ಕರೆ ಪಾಕದವರು ಈಗಲೂ ಬಳಸುತ್ತಾರೆ. ಕೊಪ್ಪರಿಗೆಯಿಂದ ಆಗಷ್ಟೇ ತೆಗೆದ ಪಾಕಕ್ಕೆ ಇಳಿಬಿಟ್ಟೆ, ಚಟ್ ಎಂದಿತು. ತೆಳು ಗಾಜು, ಚಳಿಗಾಲದ ಬೆಳಗಿನ ಜಾವ, ಎದುರಿಗೆ ನೂರು ಡಿಗ್ರಿಯ ಪಾಕ. ಒಂದು ಬಾನಿ ಬೆಲ್ಲ ಗಾಜಿನ ಚೂರಿನ ಸಮೇತ ಗೊಬ್ಬರಗುಂಡಿಗೆ ಹೋಯಿತು. ಮನೆಯವರು ಇವತ್ತಿಗೂ ಅದನ್ನು ಆಡಿಕೊಳ್ಳುವುದು ಬಿಟ್ಟಿಲ್ಲ. ಹಾಗಾಗಿ ಈ ಸಲ ನಾನೇ ಮಾಡುವುದೆಂದು ಹೊರಟೆ. ಮಳೆಗಾಲ, ತೋಟಕ್ಕೆ ಕೊಳೆ ಔಷಧಿ ಒಂದು ಸುತ್ತು ಹೊಡೆದಾಗಿತ್ತು, ಕೈಯಲ್ಲಿ ಹೊತ್ತಿತ್ತು.

ಮೊದಲು ಡಬ್ಬಿ

ಮಾಪಕ ಮಾಡುವುದಕ್ಕೆ ಮೊದಲು ಒಂದು ಹಳೆಯ ಸಿಟ್ಟನ್ನು ಲೆಕ್ಕ ಹಾಕಿ ತೀರಿಸಿಕೊಳ್ಳಬೇಕಿತ್ತು. ನಮ್ಮ ಕಡೆ ಜೋನಿ ಬೆಲ್ಲ ತುಂಬುವುದು ಅಡುಗೆ ಎಣ್ಣೆಯ ಖಾಲಿ ಡಬ್ಬಿಗೆ. ಎಲ್ಲರೂ ಅದನ್ನು ‘ಹದಿನೈದರ ಡಬ್ಬಿ’ ಅನ್ನುತ್ತಾರೆ. ಹದಿನೈದು ಏನು? ಲೀಟರೋ ಕೆಜಿಯೋ? ಕೇಳಿದರೆ ‘ಎರಡೂ ಒಂದೇ ಅಲ್ವಾ ಮಾರಾಯ’ ಎಂಬ ಉತ್ತರ. ಪೇಟೆಯಲ್ಲಿ ಕೊಳ್ಳುವವರೊಬ್ಬರು ಡಬ್ಬಿಗೆ ಇಪ್ಪತ್ತು ಕೆಜಿ ಎಂದು ಕಣ್ಣಳತೆಯಲ್ಲೇ ಲೆಕ್ಕ ಕಟ್ಟುತ್ತಿದ್ದರು. ತೂಗಿ ಎಂದರೆ ನಗುತ್ತಿದ್ದರು.

ಖಾಲಿ ಡಬ್ಬಿ ತೊಳೆದು ಒಣಗಿಸಿ ತಕ್ಕಡಿಗೆ ಇಟ್ಟೆ, ಆಮೇಲೆ ಬಾಯಿಮಟ್ಟ ನೀರು ತುಂಬಿ ಇಟ್ಟೆ. ಒಳಗಿನ ನೀರು 16.35 ಕೆಜಿ ಬಂತು. ಅಂದರೆ ಡಬ್ಬಿಯ ಗಾತ್ರ 16.4 ಲೀಟರ್. ಹದಿನೈದು ಎಂಬುದು ಅದರೊಳಗಿದ್ದ ಎಣ್ಣೆಯ ತೂಕ. ಎಣ್ಣೆ ನೀರಿಗಿಂತ ಹಗುರ, ಆದ್ದರಿಂದ ಹದಿನೈದು ಕೆಜಿ ಎಣ್ಣೆಗೆ ಹದಿನಾರು ಚಿಲ್ಲರೆ ಲೀಟರ್ ಜಾಗ ಬೇಕು. ಅದೇ ಜಾಗಕ್ಕೆ ಜೋನಿ ಬೆಲ್ಲ ತುಂಬಿದರೆ? ಮನೆಯಲ್ಲಿದ್ದ ಒಳ್ಳೆಯ ಡಬ್ಬಿಯೊಂದನ್ನು ತೂಗಿ ಡಬ್ಬಿಯ ತೂಕ ಕಳೆದೆ. 22.5 ಕೆಜಿ. ಇಪ್ಪತ್ತರ ಲೆಕ್ಕದಲ್ಲಿ ಡಬ್ಬಿಗೆ ಎರಡೂವರೆ ಕೆಜಿ ಎಷ್ಟು ವರ್ಷದಿಂದ ಧರ್ಮಕ್ಕೆ ಹೋಗಿತ್ತೋ.

ಈ ಗೊಂದಲ ನಮಗೆ ಹೊಸದಲ್ಲ. ಅಜ್ಜನ ಕಾಲದ ಕಡತದಲ್ಲಿ ‘ಸೇರು’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಅಕ್ಕಿ ಅಳೆಯುವ ಸೇರು ಪಾತ್ರೆ, ಬೆಲ್ಲ ತೂಗುವ ಸೇರು ತಕ್ಕಡಿಯ ಬೊಟ್ಟು. ಮೆಟ್ರಿಕ್ ಕಾಯಿದೆ ಬಂದದ್ದು 1956ರಲ್ಲಿ, ಆಮೇಲೆ ಲೀಟರು ಬೇರೆ, ಕಿಲೋ ಬೇರೆ ಎಂದಾಯಿತು. ಆದರೆ ಅವೆರಡೂ ನೀರಿನ ಮಟ್ಟಿಗೆ ಹೆಚ್ಚುಕಡಿಮೆ ಸಮ. ಕಿಲೋವನ್ನು ಮೊದಲು ಗೊತ್ತು ಮಾಡಿದ್ದೇ ಒಂದು ಲೀಟರ್ ನೀರಿನ ತೂಕ ಎಂದು. 1901ರಿಂದ 1964ರ ತನಕ ಲೀಟರನ್ನೇ ತಿರುಗಿಸಿ ಒಂದು ಕಿಲೋ ನೀರು ಹಿಡಿಯುವ ಜಾಗ ಎಂದೂ ಹೇಳುತ್ತಿದ್ದರು. ನೀರಿಗೆ ಸರಿ ಹೋಗುವ ಸಂಬಂಧ ಬೆಲ್ಲಕ್ಕೂ ಎಣ್ಣೆಗೂ ಸರಿ ಹೋಗುತ್ತದೆ ಎಂದು ತಿಳಿದದ್ದೇ ನಮ್ಮ ತಪ್ಪು. ‘ಅಳೆದು ತೂಗಿ’ ಎಂದು ಬಾಯಲ್ಲಿ ಹೇಳುತ್ತೇವೆ, ಮಾಡುವುದು ಯಾವುದೋ ಒಂದನ್ನು. ಎರಡನ್ನೂ ಮಾಡಿ, ತೂಗಿದ್ದನ್ನು ಅಳೆದದ್ದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಶಾಲೆಯ ಪುಸ್ತಕದಲ್ಲಿ ದ್ರವ್ಯರಾಶಿ, ಗಾತ್ರ ಎಂದು ಓದಿದ್ದು ಇದನ್ನೇ.

ಬಾಟಲಿ

ತೇಲುವ ಮಾಪಕಕ್ಕೆ ಗೀರು ಹಾಕಬೇಕಾದರೆ ಸಾಂದ್ರತೆ ಖಚಿತವಾಗಿ ಗೊತ್ತಿರುವ ನಾಲ್ಕಾರು ದ್ರವ ಬೇಕು. ಅದಕ್ಕೆ ಒಂದು ಸಣ್ಣ ಔಷಧದ ಬಾಟಲಿ ಸಾಕು, ದಪ್ಪ ಗಾಜು, ಬಾಯಿ ಸಮತಟ್ಟಾಗಿರಬೇಕು. ಅಂಚಿನವರೆಗೆ ತುಂಬಿ, ಮೇಲೆ ಒಂದು ಗಾಜಿನ ಚೂರನ್ನು ಜಾರಿಸಿ ಮುಚ್ಚಿದರೆ ಪ್ರತಿ ಸಲವೂ ಒಂದೇ ಗಾತ್ರ. ಗೀರು, ಮಿಲೀ ಗುರುತು ಏನೂ ಬೇಡ. ನನ್ನ ಹತ್ತಿರ ಬೆಳ್ಳಿ ಅಂಗಡಿಯವರು ಬಳಸುವಂಥ 200 ಗ್ರಾಮಿನ ಪುಟ್ಟ ತಕ್ಕಡಿ ಇದೆ, 0.01 ಗ್ರಾಂ ತೋರಿಸುತ್ತದೆ.

ಖಾಲಿ ಬಾಟಲಿ, ಗಾಜಿನ ಚೂರು ಸೇರಿ 62.4 ಗ್ರಾಂ. ಬಾವಿ ನೀರು ತುಂಬಿದಾಗ 115.2. ಅಂದರೆ ನೀರು 52.8 ಗ್ರಾಂ. ಆ ದಿನ ನೀರು 25 ಡಿಗ್ರಿ ಇತ್ತು, ಆ ಶಾಖದಲ್ಲಿ ನೀರಿನ ಸಾಂದ್ರತೆ ಮಿಲೀಗೆ 0.997 ಗ್ರಾಂ. ಹಾಗಾಗಿ ಬಾಟಲಿಯ ಗಾತ್ರ 52.96 ಮಿಲೀ. ಇಲ್ಲಿಂದ ಮುಂದೆ ಅಳೆಯುವ ಕೆಲಸವೇ ಇಲ್ಲ, ತೂಗಿದರೆ ಆಯಿತು.

ಆ ಮಧ್ಯಾಹ್ನ ಅಡುಗೆಮನೆಯ ದ್ರವಗಳೆಲ್ಲ ಒಂದೊಂದಾಗಿ ಬಾಟಲಿಗೆ ಇಳಿದವು. ಕೊಬ್ಬರಿ ಎಣ್ಣೆ 48.6 ಗ್ರಾಂ, ಅಂದರೆ 0.918. ಕೊಟ್ಟಿಗೆಯ ಹಾಲು 54.5, ಅಂದರೆ 1.029. ಡೇರಿಯ ಲ್ಯಾಕ್ಟೋಮೀಟರ್ 29 ಅನ್ನುವುದು ಇದನ್ನೇ, ದಶಾಂಶದ ಬಾಲ ಮಾತ್ರ ಓದುವುದು. ಪೆಟ್ಟಿಗೆಯ ತುಡುವೆ ಜೇನು 74.4, ಸಾಂದ್ರತೆ 1.405. ಒಳ್ಳೆಯ ಡಬ್ಬಿಯ ಜೋನಿ ಬೆಲ್ಲ 72.7, 1.373. ಆಗಷ್ಟೇ ಗುಳ್ಳೆ ಎದ್ದಿದ್ದ ಮೂರನೆಯ ಡಬ್ಬಿಯದನ್ನು ಗುಳ್ಳೆ ಹೋಗುವವರೆಗೆ ಬಿಟ್ಟು ತೂಗಿದೆ: 69.9, 1.320.

ಮೊದಲಿಗೆ ನಿರಾಸೆಯೇ ಆಯಿತು. 1.373 ಎಲ್ಲಿ, 1.320 ಎಲ್ಲಿ? ನೂರಕ್ಕೆ ನಾಲ್ಕರ ವ್ಯತ್ಯಾಸ. ಒಂದು ವರ್ಷ ಕೆಡದೆ ಕೂರುವ ಬೆಲ್ಲಕ್ಕೂ ಅಟ್ಟದಲ್ಲಿ ಪಟಾಕಿ ಹೊಡೆಯುವ ಬೆಲ್ಲಕ್ಕೂ ಇಷ್ಟೇನಾ? ಸಕ್ಕರೆ ದ್ರಾವಣದ ಕೋಷ್ಟಕ ಹಿಡಿದು ಕೂತಾಗ ಕಣ್ಣು ಬಿಟ್ಟಿತು. ತೂಕದಲ್ಲಿ ನೂರಕ್ಕೆ 60 ಸಕ್ಕರೆಯಿದ್ದರೆ ಸಾಂದ್ರತೆ 1.286, 65 ಇದ್ದರೆ 1.316, 70 ಇದ್ದರೆ 1.347. ಬೆಲ್ಲದಲ್ಲಿರುವುದು ಬರೀ ಸಕ್ಕರೆಯಲ್ಲ, ಆದರೂ ಅಂದಾಜಿಗೆ ನಡೆಯುತ್ತದೆ. ಒಳ್ಳೆಯದರಲ್ಲಿ ನೂರಕ್ಕೆ 74ರಷ್ಟು ಸಿಹಿ, ಕೆಟ್ಟದ್ದರಲ್ಲಿ 65, 66. ಡಬ್ಬಿಯ ಲೆಕ್ಕಕ್ಕೆ ತಂದರೆ ಒಳ್ಳೆಯ ಡಬ್ಬಿ 22.5 ಕೆಜಿ, ತೆಳು ಡಬ್ಬಿ 21.6. ತಕ್ಕಡಿಯಲ್ಲಿ ಒಂದು ಕೆಜಿಯೂ ವ್ಯತ್ಯಾಸವಿಲ್ಲ. ಆದರೆ ತೆಳು ಡಬ್ಬಿಯಲ್ಲಿ ಸಿಹಿ ಸುಮಾರು 2.4 ಕೆಜಿ ಕಡಿಮೆ, ನೀರು 1.6 ಕೆಜಿ ಹೆಚ್ಚು. ಸಕ್ಕರೆ ಹೋದ ಜಾಗಕ್ಕೆ ನೀರು ಬಂದು ಕೂತು, ತೂಕದ ಮುಖ ಉಳಿಸಿಬಿಡುತ್ತದೆ. ತೂಗಿ ಮಾರಿದರೂ ಮೋಸ ಹೋಗಬಹುದು ಎಂದು ಆಗ ಹೊಳೆಯಿತು, ಈ ಸಲ ಮೋಸ ಹೋಗುವವರು ಕೊಳ್ಳುವವರು.

ತೇಲುಗೋಲು, ಮೂರು ಸಲ

ತತ್ವ ಆರ್ಕಿಮಿಡೀಸನದು. ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ. ಕೋಲಿನ ತೂಕ ಬದಲಾಗುವುದಿಲ್ಲ. ದಟ್ಟ ದ್ರವವಾದರೆ ಸ್ವಲ್ಪವೇ ಸರಿಸಿ ನಿಲ್ಲುತ್ತದೆ, ತೆಳುವಾದರೆ ಹೆಚ್ಚು ಮುಳುಗುತ್ತದೆ. ಅಂದರೆ ತೂಕವನ್ನು ಒಂದು ಕಡೆ ಗೂಟ ಹೊಡೆದು ನಿಲ್ಲಿಸಿ ಗಾತ್ರವನ್ನು ಮಾತ್ರ ಓಡಾಡಲು ಬಿಡುವುದು. ಬಾಟಲಿಯಲ್ಲಿ ಮಾಡಿದ್ದು ಇದರ ಉಲ್ಟಾ, ಅಲ್ಲಿ ಗಾತ್ರಕ್ಕೆ ಗೂಟ. ಈ ಉಪಕರಣ ಹಳೆಯದು. ಅಲೆಕ್ಸಾಂಡ್ರಿಯದ ಗಣಿತಜ್ಞೆ ಹೈಪೇಶಿಯಾಗೆ ಶಿಷ್ಯ ಸಿನೇಸಿಯಸ್ ಇಂಥದ್ದೊಂದು ಗೀರುಗೊಳವೆ ಮಾಡಿಸಿ ಕಳಿಸಿ ಎಂದು ಸುಮಾರು 1600 ವರ್ಷಗಳ ಹಿಂದೆ ಬರೆದ ಕಾಗದ ಈಗಲೂ ಉಳಿದಿದೆ.

ಕೋಲಿನ ಹೊಟ್ಟೆಗೆ, ಅಂದರೆ ಕೆಳಗಿನ ದಪ್ಪ ಭಾಗಕ್ಕೆ, ಶಿವಮೊಗ್ಗಕ್ಕೆ ಹೋದಾಗ ಲ್ಯಾಬ್ ಸಾಮಾನಿನ ಅಂಗಡಿಯಿಂದ ತಂದ ಬೋರೋಸಿಲಿಕೇಟ್ ಪ್ರನಾಳ, ಇಪ್ಪತ್ತೈದು ಮಿಮೀ ದಪ್ಪ, ಹದಿನೈದು ಸೆಂಮೀ ಉದ್ದ. ಬಿಸಿಗೆ ಸೀಳದ ಗಾಜು ಎಂದು ಎರಡೆರಡು ಸಲ ಕೇಳಿ ತಂದೆ. ಬಾಯಿಗೆ ರಬ್ಬರ್ ಬಿರಡೆ, ಬಿರಡೆಯ ನಡುವಿನ ತೂತಿನಿಂದ ಮೇಲೆ ಹೋಗುವ ಒಂದು ಕೊಳವೆ. ಒಳಗೆ ಅಡಿಯಲ್ಲಿ ಭಾರ.

ಮೊದಲನೆಯ ಕೊಳವೆ ವಾಟೆಯದು, ಅಂದರೆ ಸಪೂರ ಜಾತಿಯ ಬಿದಿರಿನದು. ಹೊಳೆಯಂಚಿನ ವಾಟೆ ನೆಟ್ಟಗಿರುತ್ತದೆ, ಹಗುರ, ದುಡ್ಡಿಲ್ಲದ್ದು. ನೋಡಲು ಚೆಂದವೂ ಇತ್ತು, ಮಲೆನಾಡಿನ ಹೈಡ್ರೋಮೀಟರ್ ಎಂದು ಫೋಟೋ ತೆಗೆದಿಟ್ಟುಕೊಂಡೆ. ಒಂದು ಗಂಟೆ ನೀರಿನಲ್ಲಿ ಬಿಟ್ಟು ನೋಡಿದರೆ ಗುರುತು ಕೆಳಗೆ ಕೆಳಗೆ ಹೋಗುತ್ತಿದೆ. ತೆಗೆದು ಒರೆಸಿ ತೂಗಿದೆ. ಮುಂಚೆ 98.6 ಗ್ರಾಂ ಇದ್ದದ್ದು 101.3 ಆಗಿದೆ. ವಾಟೆ ನೀರು ಕುಡಿದಿತ್ತು. ತೂಕ ಬದಲಾಗಬಾರದು ಎಂಬ ಒಂದೇ ಶರತ್ತನ್ನು ಮುರಿಯುವ ಸಾಮಾನು ಹುಡುಕಿ ಹಾಕಿದ್ದೆ. ವಾರ್ನಿಷ್ ಬಳಿಯಬಹುದಿತ್ತು, ತಿನ್ನುವ ಪಾಕಕ್ಕೆ ಅದು ಬೇಡವೆನಿಸಿತು.

ಎರಡನೆಯದು ಮಾಡಿನ ಮೇಲೆ ಸೋಗೆ ಸಿಕ್ಕಿಸಿಕೊಂಡು ಬಿದ್ದಿದ್ದ ಹಳೇ ಟಿ.ವಿ. ಆಂಟೆನಾ. ಗುಡ್ಡದ ಮರೆಯ ನಮ್ಮ ಮನೆಗೆ ಚಿತ್ರ ಬರಬೇಕಾದರೆ ಅಡಿಕೆ ದಬ್ಬೆಯ ತುದಿಗೆ ಅದನ್ನು ಕಟ್ಟಿ, ಒಬ್ಬರು ತಿರುಗಿಸುತ್ತಾ ‘ಬಂತಾ?’ ಎಂದು ಕೂಗಬೇಕಿತ್ತು, ಒಳಗಿಂದ ‘ಹೋತು, ಹೋತು’ ಎಂಬ ಉತ್ತರ. ಅದರ ಕಡ್ಡಿಗಳು ಅಲ್ಯೂಮಿನಿಯಂ ಕೊಳವೆ. ವರ್ನಿಯರಿನಲ್ಲಿ ಅಳೆದರೆ ಸರಿಯಾಗಿ 8 ಮಿಮೀ. 22 ಸೆಂಮೀ ಕತ್ತರಿಸಿ ಬಿರಡೆಗೆ ತೂರಿಸಿದೆ. ಭಾರಕ್ಕೆ ಸೈಕಲ್ ಅಂಗಡಿಯಿಂದ ತಂದ ಬೇರಿಂಗ್ ಗೋಲಿಗಳು. ನೀರಿನ ಬಕೆಟ್ಟಿಗೆ ಬಿಟ್ಟರೆ ಅದು ಮುಳುಗಿ ತಳ ಸೇರಿತು. ಅದು ಸರಿಯೇ, ಇದು ನೀರಿಗೆ ಮಾಡಿದ್ದಲ್ಲ. ಜೋನಿ ಬೆಲ್ಲಕ್ಕೆ ಬಿಟ್ಟರೆ ತೇಲಿತು, ಆದರೆ ಕುಡಿದವರ ಹಾಗೆ ಒಂದು ಪಕ್ಕಕ್ಕೆ ವಾಲಿ.

ವಾಲುವುದಕ್ಕೆ ಕಾರಣ ಕಂಡುಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೋಲಿನ ಭಾರ ಒಟ್ಟುಗೂಡುವ ಬಿಂದು, ಅದನ್ನು ಮೇಲೆತ್ತುವ ದ್ರವದ ಒತ್ತಾಸೆ ಒಟ್ಟುಗೂಡುವ ಬಿಂದುವಿಗಿಂತ ಸಾಕಷ್ಟು ಕೆಳಗಿರಬೇಕು. ಕೋಲನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಗಿಸಿ ನೋಡಿದೆ. ಸಮತೋಲ ಬಂದದ್ದು ತಳದಿಂದ ಏಳು ಸೆಂಮೀ ಮೇಲೆ. ಪ್ರನಾಳದ ನಡುಮಧ್ಯ ಏಳೂವರೆ. ಅರ್ಧ ಸೆಂಮೀ ಅಂತರದಲ್ಲಿ ಅದು ನೆಟ್ಟಗೆ ನಿಲ್ಲುವುದಾದರೂ ಹೇಗೆ? ಸೈಕಲ್ ಗೋಲಿಗಳ ನಡುವೆ ಗಾಳಿಯೇ ಹೆಚ್ಚು, ಮೂರು ಸೆಂಮೀ ಎತ್ತರಕ್ಕೆ ಬಂದು ಕೂತಿದ್ದವು. ಮೇಲಿನ ಕೊಳವೆಯೂ ಉದ್ದವಾಯಿತು.

ಮೂರನೆಯ ಸಲ ಗೋಲಿಯ ಜಾಗಕ್ಕೆ ಮೀನುಬಲೆಗೆ ಕಟ್ಟುವ ಸೀಸದ ಗುಂಡು ಹಾಕಿ, ತಟ್ಟಿ ಚಪ್ಪಟೆ ಮಾಡಿ, ಮೇಲೆ ಹತ್ತಿ ತುರುಕಿದೆ, ಅಲುಗಾಡದ ಹಾಗೆ. ಕೊಳವೆಯನ್ನು ಬಿರಡೆಯಿಂದ ಮೇಲೆ 17 ಸೆಂಮೀಗೆ ಇಳಿಸಿದೆ. ಸಮತೋಲದ ಬಿಂದು ಆರಕ್ಕೆ ಬಂತು. ಬೆಲ್ಲದಲ್ಲಿ ಬಿಟ್ಟರೆ ಗರುಡಗಂಬದ ಹಾಗೆ ನಿಂತಿತು. ಸೀಸ ಪೂರ್ತಿ ಗಾಜಿನ ಒಳಗೇ ಇರುತ್ತದೆ, ಪಾಕಕ್ಕೆ ತಾಗುವುದಿಲ್ಲ. ಹಾಗಿದ್ದರೂ ಪ್ರತಿ ಸಲ ಬಳಸುವ ಮೊದಲು ಗಾಜು ಬೆಳಕಿಗೆ ಹಿಡಿದು ನೋಡುತ್ತೇನೆ. ಸಣ್ಣ ಬಿರುಕು ಕಂಡರೂ ಕೋಲು ಪಾಕಕ್ಕಿಳಿಯುವುದಿಲ್ಲ.

ಒಟ್ಟು ತೂಕ ಸೀಸ ಕೆರೆದು ಕೆರೆದು 102.0 ಗ್ರಾಮಿಗೆ ತಂದೆ. ಕೊಳವೆಯ ಮೇಲ್ತುದಿ ಮುಚ್ಚಿ ಬಿಸಿ ನೀರಿನಲ್ಲಿ ಪರೀಕ್ಷೆ ಮಾಡಿದರೆ ಬಿರಡೆ ಪುಸ್ ಎಂದು ಮೇಲೆ ಬಂತು. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿತ್ತು. ಮೇಲ್ತುದಿಗೆ ಸೂಜಿಯಲ್ಲಿ ಒಂದು ಕಿಂಡಿ ಕೊಟ್ಟೆ, ಅದು ಎಂದೂ ಮುಳುಗುವುದಿಲ್ಲವಲ್ಲ. ಆಮೇಲೆ ತೊಂದರೆಯಿಲ್ಲ.

ಗೀರು

ಗೀರು ಎಲ್ಲಿ ಬರಬೇಕೆಂದು ಲೆಕ್ಕ ಹಾಕಬಹುದು. ಪ್ರನಾಳ ಬಿರಡೆ ಸಮೇತ ಎಷ್ಟು ಜಾಗ ಹಿಡಿಯುತ್ತದೆ ಎಂದು ತಿಳಿಯಲು ಒಂದು ಸೊಗಸಾದ ಉಪಾಯವಿದೆ. ಅಡುಗೆಮನೆಯ ತಕ್ಕಡಿ ಮೇಲೆ ಎತ್ತರದ ಪಾತ್ರೆಯಲ್ಲಿ ನೀರಿಟ್ಟು, ಸೊನ್ನೆ ಮಾಡಿ, ಕೋಲನ್ನು ಕೈಯಲ್ಲಿ ಹಿಡಿದೇ ಬಿರಡೆಯ ಮಟ್ಟದವರೆಗೆ ಮುಳುಗಿಸಬೇಕು. ತಳಕ್ಕೂ ಪಕ್ಕಕ್ಕೂ ತಾಗಬಾರದು. ತಕ್ಕಡಿ ತೋರಿಸುವುದು ಕೋಲಿನ ತೂಕವಲ್ಲ, ಅದು ಸರಿಸಿದ ನೀರಿನ ತೂಕ. ನನಗೆ 70 ಗ್ರಾಂ ಬಂತು. 0.997ರಿಂದ ಭಾಗಿಸಿದರೆ 70.2 ಮಿಲೀ. ಕೊಳವೆಯ ಅಡ್ಡಕೊಯ್ತ 0.503 ಚದರ ಸೆಂಮೀ. ಇನ್ನು ಸುಲಭ: 102ನ್ನು ಸಾಂದ್ರತೆಯಿಂದ ಭಾಗಿಸಿ, 70.2 ಕಳೆದು, 0.503ರಿಂದ ಭಾಗಿಸಿದರೆ ಬಿರಡೆಯಿಂದ ಎಷ್ಟು ಸೆಂಮೀ ಮೇಲೆ ಗೀರು ಎಂದು ಬರುತ್ತದೆ.

ಪರೀಕ್ಷೆಗೆ ಸಕ್ಕರೆ ಪಾಕ. 65 ಗ್ರಾಮಿಗೆ 35 ಗ್ರಾಂ ನೀರಿನ ಲೆಕ್ಕದಲ್ಲಿ ಒಂದು ಚೊಂಬಾಗುವಷ್ಟು, ಬಿಸಿ ಮಾಡಿ ಕರಗಿಸಿ, ಆವಿಯಾದ ನೀರನ್ನು ತಕ್ಕಡಿ ಮೇಲೆ ಮತ್ತೆ ಸೇರಿಸಿ, ತಣಿಸಿದೆ. ಮಗಳು ಪಕ್ಕದಲ್ಲಿ ನಿಂತು, ಸಕ್ಕರೆ ಹಾಕಿದ ಮೇಲೂ ನೀರು ಯಾಕೆ ಅಷ್ಟೇನೂ ಮೇಲೆ ಬರಲಿಲ್ಲ ಎಂದು ಕೇಳಿದಳು. ಲೋಟದಲ್ಲಿ ಅಳೆದರೆ 65 ಗ್ರಾಂ ಸಕ್ಕರೆ ಹೆಚ್ಚುಕಡಿಮೆ 75 ಮಿಲೀ ಹಿಡಿಯುತ್ತದೆ. ಆದರೆ ಅದರಲ್ಲಿ ಹರಳುಗಳ ನಡುವಿನ ಗಾಳಿಯೇ ಅರ್ಧದ ಹತ್ತಿರ, ಸಕ್ಕರೆಯ ಸ್ವಂತ ಜಾಗ ಬರೀ 41 ಮಿಲೀ. 35 ಮಿಲೀ ನೀರಿನ ಜತೆ ಸೇರಿ ಒಟ್ಟು 76 ಮಿಲೀ ಆಗುತ್ತದೆ. ತೂಕ ನೂರು, ಗಾತ್ರ ಎಪ್ಪತ್ತಾರು, ಭಾಗಿಸಿದರೆ ಅದೇ 1.316. ಅವಳಿಗೆ ಇದು ಇಷ್ಟವಾಯಿತೋ ಪಾಕ ನೆಕ್ಕುವುದು ಇಷ್ಟವಾಯಿತೋ ಹೇಳಲಾರೆ.

ಲೆಕ್ಕದ ಪ್ರಕಾರ ಕೋಲು 14.5 ಸೆಂಮೀ ತನಕ ಮುಳುಗಬೇಕಿತ್ತು. ಮುಳುಗಿದ್ದು 14.9. ನಾಲ್ಕು ಮಿಮೀ ಎಲ್ಲಿಂದ ಬಂತು? ಅಡುಗೆಮನೆ ತಕ್ಕಡಿ ಒಂದೊಂದೇ ಗ್ರಾಂ ತೋರಿಸುವುದು. 69.8 ಇದ್ದರೂ 70 ಎನ್ನುತ್ತದೆ. ಆ 0.2 ಮಿಲೀ ತಪ್ಪು ಸಣ್ಣ ಕೊಳವೆಯಲ್ಲಿ ನಾಲ್ಕು ಮಿಮೀ ಆಗಿ ಹಿಗ್ಗಿ ಕಾಣುತ್ತದೆ. ಕೋಲಿನ ಸೂಕ್ಷ್ಮತೆಗೆ ಕಾರಣವಾದ ಸಪೂರ ಕೊಳವೆಯೇ ನನ್ನ ತಪ್ಪನ್ನೂ ಎತ್ತಿ ತೋರಿಸಿತು. ಗಾತ್ರವನ್ನು 70.0 ಎಂದು ತಿದ್ದಿಕೊಂಡು, ಬಾಟಲಿಯಲ್ಲಿ ಮೊದಲೇ ತೂಗಿದ್ದ ಎರಡು ದ್ರವದಲ್ಲಿ ಬಿಟ್ಟೆ. 1.373ರ ಬೆಲ್ಲದಲ್ಲಿ ಲೆಕ್ಕ 8.5 ಅಂದಿತು, ಕೋಲೂ ಅಷ್ಟೇ. ಜೇನಿನಲ್ಲಿ ಲೆಕ್ಕ 5.2, ಕೋಲು ಅಲ್ಲಿಗೆ ಬಂದು ನಿಲ್ಲಲು ಹತ್ತು ನಿಮಿಷ ತೆಗೆದುಕೊಂಡಿತು, ನಾನು ಅಷ್ಟರಲ್ಲಿ ಒಂದು ಎಲೆಯಡಿಕೆ ಕವಳ ಮುಗಿಸಿದೆ.

ಅರದ ಮೂಲೆಯಿಂದ ಗೀರು ಹಾಕುವಾಗ ಗಮನಿಸಿ, ಗೀರುಗಳು ಸಮದೂರದಲ್ಲಿ ಇರುವುದಿಲ್ಲ. 1.42ರಿಂದ 1.40ಕ್ಕೆ ಎರಡು ಸೆಂಮೀ ಸಾಕು, 1.32ರಿಂದ 1.30ಕ್ಕೆ 2.4 ಬೇಕು. ಸಾಂದ್ರತೆ ಭಾಗಾಕಾರದ ಕೆಳಗೆ ಕೂತಿರುವುದರಿಂದ ಹೀಗೆ. ಎರಡು ಕೊನೆಯ ಗುರುತು ಮಾಡಿ ನಡುವೆ ಸ್ಕೇಲಿನಿಂದ ಸಮನಾಗಿ ಹಂಚಿದರೆ ನಡುವಿನವು ತಪ್ಪುತ್ತವೆ. ನಾನು ಮೊದಲು ಹಾಗೇ ಮಾಡಿ, ಒಂದು ಕೊಳವೆ ಹಾಳು ಮಾಡಿಕೊಂಡೆ. ಆಂಟೆನಾದಲ್ಲಿ ಕಡ್ಡಿಗಳಿಗೇನೂ ಬರವಿರಲಿಲ್ಲ.

ಅಡಿಕೆ ಬೇಯಿಸಿದ ಚೊಗರಿಗೂ ಬಿಟ್ಟು ನೋಡುವ ಆಸೆಯಾಗಿತ್ತು. ಹೊಸ ಚೊಗರು ಇದಕ್ಕೆ ತೀರಾ ತೆಳು, ಕೋಲು ಸೀದಾ ತಳಕ್ಕೆ ಹೋಗುತ್ತದೆ. ಅದಕ್ಕೆ ಬೇರೆ ಕೋಲು ಬೇಕು, ಹಗುರದ್ದು.

ಆಲೆಮನೆಯಲ್ಲಿ

ಸಂಕ್ರಾಂತಿ ಕಳೆದು ಆಲೆಮನೆ ಹೂಡಿದೆವು. ಕೋಲು ಮುಳುಗಲು ಮೂವತ್ತು ಸೆಂಮೀಗಿಂತ ಆಳದ, ಬಿಸಿ ತಡೆಯುವ ಪಾತ್ರೆ ಬೇಕು. ಸ್ಟೀಲಿನದು ಅಂಥದ್ದು ಸಿಗಲಿಲ್ಲ. ಕೊಟ್ಟಿಗೆಯಲ್ಲಿ ದನಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ನೇತಾಡುತ್ತಿತ್ತು, ಅದು ಗಿಡ್ಡ. ಅದೇ ಮಾದರಿಯಲ್ಲಿ ಹಿತ್ತಲ ಬಿದಿರಿನ ಉದ್ದ ಗೆಣ್ಣು ಕಡಿದು ಹೊಸ ಗೊಟ್ಟ ಮಾಡಿದೆ. ಒಳಗೆ ಕಾಣುವುದಿಲ್ಲ, ಆದ್ದರಿಂದ ಅಂಚಿನವರೆಗೆ ತುಂಬಿ ಬಾಯಿಮಟ್ಟದಲ್ಲೇ ಓದುವುದು. ಇಲ್ಲಿ ವಾಟೆಯ ತಕರಾರಿಲ್ಲ, ಗೊಟ್ಟ ಎಷ್ಟು ಕುಡಿದರೂ ಲೆಕ್ಕಕ್ಕೆ ಬರುವುದಿಲ್ಲ.

ಮೊದಲ ದಿನ ಎಲ್ಲವನ್ನೂ ದೊಡ್ಡಪ್ಪನ ಮಾತಿನಂತೆ ನಡೆಸಿ, ನಾನು ಬರೀ ಬರೆದುಕೊಂಡೆ. ಅವರು ‘ಹ್ಞೂಂ’ ಎಂದ ಕ್ಷಣದಲ್ಲಿ ಪಾಕದ ಶಾಖ 104ರಿಂದ 105 ಡಿಗ್ರಿ. ನಮ್ಮ ಊರು ಸಮುದ್ರಮಟ್ಟಕ್ಕಿಂತ 600 ಮೀಟರಿನ ಆಸುಪಾಸು ಎತ್ತರ, ಬರೀ ನೀರು ಇಲ್ಲಿ 98ಕ್ಕೇ ಕುದಿಯುತ್ತದೆ, ಕರಾವಳಿಯ ಲೆಕ್ಕ ಹಾಗೇ ತಂದು ಹಚ್ಚಬಾರದು. ಗೊಟ್ಟಕ್ಕೆ ತುಂಬಿ ಕೋಲು ಬಿಟ್ಟಾಗ 90 ಡಿಗ್ರಿಗೆ ಇಳಿದಿತ್ತು, ಓದಿದ್ದು 1.33. ಅದೇ ಪಾಕ ಸಂಜೆ ತಣಿದ ಮೇಲೆ 1.37. ಬಿಸಿಯಲ್ಲಿ ದ್ರವ ಹಿಗ್ಗುತ್ತದೆ, ತೂಕ ಅಷ್ಟೇ ಇದ್ದು ಜಾಗ ಹೆಚ್ಚು ಬೇಕಾಗುತ್ತದೆ, ಸಾಂದ್ರತೆ ಇಳಿಯುತ್ತದೆ. ಡಿಗ್ರಿಗೆ 0.0006ರ ಹತ್ತಿರ. ಗೊತ್ತಿಲ್ಲದೆ ಬಿಸಿಯಲ್ಲೇ 1.37 ಬರಲಿ ಎಂದು ಕಾದಿದ್ದರೆ ಹರಳುಗಟ್ಟಿ ಕೂರುತ್ತಿತ್ತು.

ಎರಡನೆಯ ದಿನ ನಾನೇ ಇಳಿಸಿದೆ, ತಪ್ಪಿತು. ಗೊಟ್ಟದಲ್ಲಿ 1.30, ಇನ್ನೂ ಕುದಿಯಲಿ ಎಂದೆ. ದೊಡ್ಡಪ್ಪ ಏನೋ ಹೇಳಲು ಬಂದು ಸುಮ್ಮನಾದರು. ಮತ್ತೆ ನೋಡಿದರೆ 1.31. ಆ ಪಾಕ ತಣಿದ ಮೇಲೆ 1.40 ದಾಟಿತ್ತು. ವಾರದೊಳಗೆ ಆ ಡಬ್ಬಿಯ ತಳದಲ್ಲಿ ಹರಳುಗಟ್ಟಿತು. ನಾನು ನೊರೆ ಸಮೇತ ಗೊಟ್ಟಕ್ಕೆ ಮೊಗೆದಿದ್ದೆ. ಗುಳ್ಳೆಗಳಿಗೆ ಜಾಗ ಇದೆ, ತೂಕ ಇಲ್ಲ. ಗುಳ್ಳೆ ತುಂಬಿದ ಪಾಕ ಕೋಲಿಗೆ ತೆಳುವಾಗಿಯೇ ಕಾಣುತ್ತದೆ. ಮೂರನೆಯ ದಿನದಿಂದ ನೊರೆ ಸರಿಸಿ, ಸೌಟನ್ನು ಆಳಕ್ಕೆ ಇಳಿಸಿ ತೆಗೆದು, ಗೊಟ್ಟವನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಒಂದು ನಿಮಿಷ ಬಿಟ್ಟು ಓದುವುದು ಎಂದು ರೂಢಿ ಮಾಡಿಕೊಂಡೆವು. ಆಮೇಲಿನ ಎಂಟು ಕೊಪ್ಪರಿಗೆಯೂ ತಣಿದಾಗ 1.365ರಿಂದ 1.378ರ ಒಳಗೇ ಬಂದವು. ದೊಡ್ಡಪ್ಪ ಇಳಿಸಿದವು ಅವುಗಳಲ್ಲಿ ಐದು. ಯಾವುವು ಎಂದು ಪುಸ್ತಕ ನೋಡದೆ ಹೇಳಲು ಬರುವುದಿಲ್ಲ.

ಈಗ ಪ್ರತಿ ಡಬ್ಬಿಯ ಮೇಲೆ ಬಣ್ಣದಲ್ಲಿ ಎರಡು ಸಂಖ್ಯೆ ಬರೆಯುತ್ತೇನೆ, ತೂಕ ಮತ್ತು ಸಾಂದ್ರತೆ. ಪೇಟೆಯವರು ಮೊದಲ ಸಂಖ್ಯೆಯನ್ನು ಒಪ್ಪಿಕೊಂಡರು, ಈ ಸಲ 22ರ ಮೇಲೆ ಲೆಕ್ಕ ಕಟ್ಟಿದರು. ಎರಡನೆಯದನ್ನು ನೋಡಿ ಬ್ಯಾಚ್ ನಂಬರಾ ಎಂದು ಕೇಳಿದರು. ಹ್ಞೂಂ ಅಂದೆ, ವಿವರಿಸಲು ಹೋಗಲಿಲ್ಲ. ಕೆಟ್ಟ ಮೂರು ಡಬ್ಬಿಗಳಲ್ಲಿ ಗುಳ್ಳೆಯದನ್ನು ಮತ್ತೆ ಕಾಯಿಸಿ ತೊಡೆದೇವು ಎಂಬ ಸಿಹಿತಿಂಡಿಗೆ ಬಳಸಿದೆವು, ಎರಡು ಎಮ್ಮೆಗೆ ಹೋದವು.

ದೊಡ್ಡಪ್ಪನಿಗೆ ಅರದ ಗೀರು ಕಾಣುವುದಿಲ್ಲ, ಕಣ್ಣಿಗೆ ಪೊರೆ. 1.33ರ ಜಾಗದಲ್ಲಿ ತಾಮ್ರದ ತಂತಿಯ ಒಂದು ಎಳೆ ಸುತ್ತಿದ್ದೇನೆ, ಅದರ ತೂಕದಷ್ಟೇ ಸೀಸವನ್ನು ಮತ್ತೆ ಕೆರೆದು. ಅವರು ಗೊಟ್ಟದ ಅಂಚಿನಲ್ಲಿ ಉಗುರಿಟ್ಟು, ತಂತಿ ತಾಗಿತಾ ಎಂದು ನೋಡುತ್ತಾರೆ. ತಾಗಿದ ಮೇಲೂ ಒಂದು ಹನಿ ತೆಗೆದು ಎಳೆದು ನೋಡಿಯೇ ಇಳಿಸಲು ಹೇಳುವುದು.